ಮಾದರಿ ಅನುಕ್ರಮ

ಜೀವಿಯ ದೇಹರಚನೆಗೆ ಬೇಕಾದ ಸೂಚನೆಗಳು ಅದರ ಜೀವಕೋಶಗಳಲ್ಲಿರುವ ಡಿಎನ್‌ಎ ಎಂಬ ಅಣುವಿನಲ್ಲಿ ಅಡಗಿವೆ. ಎ, ಟಿ, ಜಿ, ಸಿ ಎಂದು ಗುರುತಿಸಲಾಗುವ ನಾಲ್ಕು ರಾಸಾಯನಿಕ ಘಟಕಗಳೇ ಈ ಲಿಪಿಯ ಅಕ್ಷರಗಳು. ಮಾನವನಿಗೆ ತಾಯಿಯಿಂದ ಬರುವ 23 ವರ್ಣತಂತುಗಳಲ್ಲಿಯೇ ಇಂತಹ ಸುಮಾರು 300 ಕೋಟಿ ಅಕ್ಷರಗಳಿವೆ.

ಇಷ್ಟು ದೀರ್ಘವಾದ ಬರಹವನ್ನು ಯಾವ ಯಂತ್ರವೂ ಒಂದೇ ಸಲಕ್ಕೆ ಓದಲಾರದು. ಹೆಚ್ಚು ಬಳಕೆಯಲ್ಲಿರುವ ಯಂತ್ರಗಳು ಡಿಎನ್‌ಎಯ ಚಿಕ್ಕ ಚಿಕ್ಕ ತುಣುಕುಗಳಿಂದ ಸುಮಾರು 150 ಅಕ್ಷರಗಳಷ್ಟನ್ನು ಮಾತ್ರ ಓದುತ್ತವೆ. ಹೀಗೆ ದೊರೆತ ಕೋಟ್ಯಂತರ ತುಣುಕುಗಳನ್ನು ಕ್ರಮವಾಗಿ ಜೋಡಿಸುವ ಕಾರ್ಯ ಗಣಕಯಂತ್ರದ ತಂತ್ರಾಂಶಕ್ಕೆ ಸೇರಿದ್ದು.

ಜೋಡಣೆಗೆ ಎರಡು ಮಾರ್ಗಗಳುಂಟು. ಒಂದು ತುಣುಕಿನ ಕೊನೆಯೂ ಮತ್ತೊಂದರ ಮೊದಲೂ ಒಂದೇ ಆಗಿದ್ದರೆ ಅವೆರಡನ್ನು ಬೆಸೆಯುತ್ತ ಹೋಗುವುದು ಮೊದಲನೆಯದು. ಆದರೆ ಒಂದೇ ಬಗೆಯ ಅಕ್ಷರಸಾಲು ಹಲವೆಡೆ ಪುನರಾವರ್ತನೆಯಾದಾಗ ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂಬುದು ತಿಳಿಯದು. ಆಗ ಎರಡನೆಯ ಮಾರ್ಗ ನೆರವಿಗೆ ಬರುತ್ತದೆ. ದಾರ ಕಡಿದು ಚೆದುರಿದ ಓಲೆಗರಿಗಳನ್ನು ಅದೇ ಕಾವ್ಯದ ಮತ್ತೊಂದು ಪ್ರತಿಯೊಡನೆ ಹೋಲಿಸಿ ಅಣಿಗೊಳಿಸುವಂತೆ, ಈಗಾಗಲೇ ಸಿದ್ಧವಾಗಿರುವ ಅನುಕ್ರಮದೊಡನೆ ಪ್ರತಿ ತುಣುಕನ್ನೂ ಹೋಲಿಸಿ ಅದರ ಸ್ಥಾನವನ್ನು ಗೊತ್ತುಪಡಿಸಲಾಗುತ್ತದೆ. ಹೀಗೆ ಹೋಲಿಕೆಗೆ ಆಧಾರವಾದುದೇ ಮಾದರಿ ಅನುಕ್ರಮ.

ಮಾದರಿಗೂ ತುಣುಕಿಗೂ ಅಲ್ಲಲ್ಲಿ ವ್ಯತ್ಯಾಸವಿರುವುದು ಸಹಜ. ಎಷ್ಟೋ ವೇಳೆ ಈ ಪಾಠಾಂತರವೇ ಮುಖ್ಯವಾದುದು. ರಕ್ತದ ಹಿಮೋಗ್ಲೋಬಿನ್‌ಗೆ ಸಂಬಂಧಿಸಿದ ಒಂದು ಜೀನಿನಲ್ಲಿ ‘ಎ’ ಇರಬೇಕಾದ ಒಂದೆಡೆ ‘ಟಿ’ ಬಂದು, ಆ ದೋಷ ತಂದೆತಾಯಿಗಳಿಬ್ಬರಿಂದಲೂ ಮಗುವಿಗೆ ಬಂದರೆ, ಕುಡುಗೋಲು ಕಣ ರೋಗ ಉಂಟಾಗುತ್ತದೆ. ಮಾದರಿಯನ್ನು ನಂಬಿ ಆ ‘ಟಿ’ಯನ್ನು ತಿದ್ದಿಬಿಟ್ಟರೆ ರೋಗದ ಮೂಲವೇ ಮರೆಯಾದೀತು.

ಮಾದರಿಯಲ್ಲಿ ಇಲ್ಲದ ಭಾಗದ ತುಣುಕಿಗಂತೂ ಸ್ಥಾನವೇ ದೊರೆಯದು; ತಂತ್ರಾಂಶವು ಅದನ್ನು ಬದಿಗಿಡುತ್ತದೆ, ಇಲ್ಲವೆ ತಪ್ಪು ಸ್ಥಳದಲ್ಲಿ ಇರಿಸುತ್ತದೆ. 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆಯ ಮಾದರಿಯಲ್ಲಿ ಶೇಕಡಾ 70ರಷ್ಟು ಭಾಗ ಒಬ್ಬನೇ ವ್ಯಕ್ತಿಯ ಡಿಎನ್‌ಎಯಿಂದ ಬಂದುದು. ಆಫ್ರಿಕಾ ಮೂಲದ 910 ಜನರಲ್ಲಿ ಹೀಗೆ ಸ್ಥಾನ ದೊರೆಯದೆ ಉಳಿದ ತುಣುಕುಗಳನ್ನು ವಿಜ್ಞಾನಿಗಳು ಪ್ರತ್ಯೇಕವಾಗಿ ಜೋಡಿಸಿದರು. ಆ ಮಾದರಿಯಲ್ಲಿ ಇಲ್ಲದ ಸುಮಾರು 30 ಕೋಟಿ ಅಕ್ಷರಗಳು ಅವರಲ್ಲಿ ಕಂಡುಬಂದುದನ್ನು 2018ರಲ್ಲಿ ಪ್ರಕಟಿಸಿದರು. ಈ ಕೊರತೆಯನ್ನು ನೀಗಿಸಲು 47 ಜನರ ಡಿಎನ್‌ಎಯನ್ನು ಒಳಗೊಂಡ ಹೊಸ ಮಾದರಿಯ ಕರಡು 2023ರಲ್ಲಿ ಹೊರಬಂದಿತು.

ಮಾದರಿ ಅನುಕ್ರಮವು ದಾರಿ ತೋರುವ ದೀಪವೇ ಹೊರತು ತೀರ್ಪು ನೀಡುವ ನ್ಯಾಯಾಧೀಶನಲ್ಲ. ಅದರೊಡನೆ ಹೊಂದದ ತುಣುಕನ್ನು ತಪ್ಪೆಂದು ತಳ್ಳಿಹಾಕದೆ ಪರೀಕ್ಷಿಸುವುದೇ ವಿಜ್ಞಾನದ ಮಾರ್ಗ.