ಕಾಲವೋ, ಸಂಕೇತವೋ?

ಯಂತ್ರಗಳ ಗುಣದೋಷಗಳನ್ನು ನಿರ್ಣಯಿಸುವ ಸ್ಥಳ ಪ್ರಯೋಗಶಾಲೆಯೆಂದು ನಾವು ತಿಳಿದಿರುತ್ತೇವೆ. ಆದರೆ 1990ರ ದಶಕದಲ್ಲಿ ಅಮೆರಿಕದ ಷೇರುಪೇಟೆಯ ಜನರು ರೇಡಿಯೋ ತರಂಗಗಳ ವಿಷಯದಲ್ಲಿ ವಿದ್ವಾಂಸರಂತೆ ವಾದಿಸತೊಡಗಿದರು. ಮೊಬೈಲ್ ದೂರವಾಣಿಯ ಎರಡು ಪದ್ಧತಿಗಳಲ್ಲಿ ಯಾವುದು ನಿಲ್ಲುವುದು ಎಂಬುದೇ ಆ ವಾದ. ಅನೇಕರ ಉಳಿತಾಯದ ಹಣ ಅದರ ಮೇಲೆ ನಿಂತಿತ್ತು.

ಸಮಸ್ಯೆಯ ಮೂಲ ಸರಳವಾದುದು. ದೊರೆಯುವ ಆವೃತ್ತಿಗಳ ಪಟ್ಟೆ ಕಿರಿದು, ಮಾತನಾಡುವವರು ಬಹುಮಂದಿ. ಯೂರೋಪಿನ ಜಿ.ಎಸ್.ಎಂ. ಪದ್ಧತಿಯು ಕಾಲವನ್ನು ಹಂಚಿತು. 200 ಕಿಲೋಹರ್ಟ್ಸ್ ಅಗಲದ ಒಂದೊಂದು ಪಟ್ಟೆಯಲ್ಲಿ ಎಂಟು ಸರದಿಗಳು. ಪ್ರತಿಯೊಂದು ಫೋನೂ ತನ್ನ ಸರದಿಯಲ್ಲಿ ಮಾತ್ರ ತರಂಗಗಳನ್ನು ಕಳುಹಿಸುವುದು. ಸರದಿಗಳು ಅತಿ ಶೀಘ್ರವಾಗಿ ಮರಳುವುದರಿಂದ ಮಾತು ತುಂಡಾದಂತೆ ಕಿವಿಗೆ ತೋರದು. ಈ ಸೇವೆ 1991ರಲ್ಲಿ ಫಿನ್ಲೆಂಡಿನಲ್ಲಿ ಆರಂಭವಾಯಿತು.

ಅರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮೊದಲಾದವರು 1985ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಸ್ಥಾಪಿಸಿದ ಕ್ವಾಲ್ಕಾಮ್ ಕಂಪನಿ ಬೇರೆ ಹಾದಿ ಹಿಡಿಯಿತು. ಅದರ ಸಿ.ಡಿ.ಎಂ.ಎ. ಪದ್ಧತಿಯಲ್ಲಿ ಹಲವರು 1.25 ಮೆಗಾಹರ್ಟ್ಸ್ ಅಗಲದ ಒಂದೇ ಪಟ್ಟೆಯಲ್ಲಿ ಏಕಕಾಲಕ್ಕೆ ಮಾತನಾಡುವರು. ಒಬ್ಬೊಬ್ಬರಿಗೆ ಒಂದೊಂದು ಸಂಕೇತ. ಮಾತುಗಳು ಕಲಸಿಹೋಗವೇ? ವಾಚಕರು ಕಾಗದ ಪೆನ್ಸಿಲು ಹಿಡಿದು ತಾವೇ ಪರೀಕ್ಷಿಸಬಹುದು. ರಾಮನ ಸಂಕೇತ (+1, +1), ಭೀಮನದು (+1, −1) ಆಗಿರಲಿ. ರಾಮನ ಸಂದೇಶ +1, ಭೀಮನದು −1. ಸಂಕೇತದಿಂದ ಗುಣಿಸಲು ರಾಮನಿಂದ (+1, +1), ಭೀಮನಿಂದ (−1, +1) ಹೊರಡುವುವು. ಆಕಾಶದಲ್ಲಿ ಇವು ಕೂಡಿ (0, +2) ಆಗುವುದು. ಇದರ ಒಂದೊಂದು ಅಂಕಿಯನ್ನೂ ರಾಮನ ಸಂಕೇತದಿಂದ ಗುಣಿಸಿ ಕೂಡಿದರೆ +2, ಭೀಮನದರಿಂದಾದರೆ −2. ಎರಡರಿಂದ ಭಾಗಿಸಿದರೆ ಇಬ್ಬರ ಸಂದೇಶಗಳೂ ಬೇರೆಬೇರೆಯಾಗಿ ಕೈಸೇರುವುವು!

ಇಷ್ಟರಿಂದಲೇ ಲಾಭವಾಯಿತೆನ್ನುವಂತಿಲ್ಲ, ಎರಡು ಸಂದೇಶಗಳಿಗೆ ಎರಡು ಸ್ಥಾನಗಳು ಬೇಕಾದುವಷ್ಟೆ. ಲಾಭವಿರುವುದು ಬೇರೆಡೆ. ನೆರೆಯ ಗೋಪುರವೂ ಅದೇ ಪಟ್ಟೆಯನ್ನು ಬಳಸಬಹುದು. ಒಬ್ಬನು ಸುಮ್ಮನಿದ್ದಾಗ ಉಳಿದವರಿಗೆ ಗದ್ದಲ ಕಡಿಮೆಯಾಗುವುದು. ತೊಡಕೂ ಒಂದುಂಟು. ಗೋಪುರದ ಬಳಿಯ ಫೋನಿನ ಅಬ್ಬರದಲ್ಲಿ ದೂರದ ಫೋನು ಮುಳುಗಿಹೋದೀತು. ಆದುದರಿಂದ ಪ್ರತಿ ಫೋನಿನ ಬಲವನ್ನು ಸೆಕೆಂಡಿಗೆ 800 ಸಲ ತಿದ್ದುವ ಏರ್ಪಾಡಾಯಿತು. 1993ರಲ್ಲಿ ಈ ಪದ್ಧತಿಗೆ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು.

ಹಣ ಹೂಡುವವರಲ್ಲಿ ಎರಡು ಪಕ್ಷಗಳಾದುವು. ಜಿ.ಎಸ್.ಎಂ. ಈಗಾಗಲೇ ಅನೇಕ ದೇಶಗಳಲ್ಲಿ ಹರಡಿದೆ, ಅದರ ಫೋನುಗಳನ್ನು ತಯಾರಿಸುವವರು ಹಲವರು, ಅಗ್ಗವಾದುದೇ ಗೆಲ್ಲುವುದೆಂದು ಒಂದು ಪಕ್ಷ. ಮುಂದಿನ ತಲೆಮಾರಿನ ಫೋನಿಗೆ ಸಂಕೇತವೇ ಗತಿ, ಅದನ್ನು ಯಾರು ತಯಾರಿಸಿದರೂ ಪೇಟೆಂಟಿನ ರಾಯಧನ ಕ್ವಾಲ್ಕಾಮಿಗೆ ಸಲ್ಲುವುದೆಂದು ಇನ್ನೊಂದು ಪಕ್ಷ. 1999ರ ಮಾರ್ಚಿಯಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯೊಡನೆ ಇದ್ದ ಪೇಟೆಂಟಿನ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಕ್ವಾಲ್ಕಾಮ್ ತನ್ನ ಜಾಲೋಪಕರಣಗಳ ವಿಭಾಗವನ್ನು ಎರಿಕ್ಸನ್ನಿಗೂ, ಫೋನು ತಯಾರಿಕೆಯನ್ನು ಜಪಾನಿನ ಕ್ಯೋಸೆರಾಕ್ಕೂ ಮಾರಿ, ಚಿಪ್ಪು ಮತ್ತು ಪೇಟೆಂಟುಗಳನ್ನು ಉಳಿಸಿಕೊಂಡಿತು. ಆ ಒಂದೇ ವರ್ಷದಲ್ಲಿ ಷೇರಿನ ಬೆಲೆ ಇಪ್ಪತ್ತೈದು ಪಟ್ಟಿಗೂ ಮೀರಿ ಏರಿತು.

ಗೆದ್ದವರಾರು? ಇಬ್ಬರ ಮಾತೂ ಅರ್ಧ ಸತ್ಯವಾಯಿತು. ಜಿ.ಎಸ್.ಎಂ. ಬಳಗದವರೇ ಮೂರನೆಯ ತಲೆಮಾರಿಗೆ ಸಂಕೇತ ವಿಭಜನೆಯನ್ನು ಸ್ವೀಕರಿಸಿದರು. ಆದರೆ ಅವರ ಜಾಲಗಳೇ ಲೋಕದಲ್ಲಿ ಹೆಚ್ಚು ವ್ಯಾಪಿಸಿದುವು. ನಮ್ಮ ದೇಶದಲ್ಲಿ ರಿಲಯನ್ಸ್ 2002ರಲ್ಲಿ ತೊಡಗಿದ ಸಿ.ಡಿ.ಎಂ.ಎ. ಸೇವೆಯೂ ಈಗಿಲ್ಲ. 2009ರಲ್ಲಿ ಬಂದ ನಾಲ್ಕನೆಯ ತಲೆಮಾರಂತೂ ಪಟ್ಟೆಯನ್ನು ಅನೇಕ ಕಿರು ಆವೃತ್ತಿಗಳಾಗಿ ಸೀಳುವ ಮೂರನೆಯ ಉಪಾಯವನ್ನು ಹಿಡಿಯಿತು.

ಷೇರು ಕೊಂಡವರ ಗತಿಯೇನು? ಸಂಕೇತದ ತತ್ತ್ವವೇ ಗೆಲ್ಲುವುದೆಂದು ಸರಿಯಾಗಿ ಊಹಿಸಿ, 2000ದ ಆರಂಭದ ಏರುಬೆಲೆಯಲ್ಲಿ ಕೊಂಡವರು ಎರಡೇ ವರ್ಷಗಳಲ್ಲಿ ಅದು ಐದನೆಯ ಒಂದು ಭಾಗಕ್ಕಿಂತ ಕೆಳಗಿಳಿದುದನ್ನು ಕಂಡರು. ಮೇಲಿನ ಲೆಕ್ಕ ಸರಿಯೇ ಎಂಬುದನ್ನು ನಾವು ಕಾಗದದ ಮೇಲೆ ನಿರ್ಣಯಿಸಬಲ್ಲೆವು. ಅದಕ್ಕೆಷ್ಟು ಬೆಲೆ ತೆರಬಹುದೆಂಬುದನ್ನು ಆ ಲೆಕ್ಕವು ಹೇಳಲಾರದು.