ತಿರುವಿನಲ್ಲಿ ಬಸ್ಸನ್ನು ಒಳಕ್ಕೆ ಎಳೆಯುವುದು ಯಾವುದು?

ಛತ್ರಪತಿ ಸಂಭಾಜಿನಗರದಿಂದ ವೇರೂಳಕ್ಕೆ ಹೊರಟ ಬಸ್ಸು ದೌಲತಾಬಾದಿನ ಕೋಟೆ ದಾಟಿ, ಘಾಟಿ ಹತ್ತಿ ಖುಲ್ತಾಬಾದ್ ಸೇರುತ್ತದೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕೈಲಾಸ ದೇವಾಲಯ ನೋಡಲು ನಮ್ಮ ಕಡೆಯಿಂದ ಹೋಗುವವರು ಈ ದಾರಿಯ ತಿರುವುಗಳಲ್ಲಿ ಒಮ್ಮೆಯಾದರೂ ಪಕ್ಕದವರ ಭುಜಕ್ಕೆ ಒರಗಿರುತ್ತಾರೆ. ಅಲ್ಲಿಯವರು ಲಾಲ್ ಪರಿ ಎಂದು ಕರೆಯುವ ಕೆಂಪು ಎಸ್‌ಟಿ ಬಸ್ಸು ಭೌತಶಾಸ್ತ್ರದ ಒಂದು ಇಡೀ ಅಧ್ಯಾಯವನ್ನು ಹೊತ್ತುಕೊಂಡು ಓಡಾಡುವ ಯಂತ್ರ.

ನನ್ನ ತಂಗಿಯ ಮನೆಯವರು ವಾಳೂಜಿನ ಕಾರ್ಖಾನೆ ಕೆಲಸಕ್ಕೆಂದು ಬೀದರ ಬಿಟ್ಟು ಹೋಗಿ ಅಲ್ಲೇ ನೆಲೆಸಿದ್ದಾರೆ. ಮಗಳು ಈಗ 12ನೇ ತರಗತಿ. ಮಹಾರಾಷ್ಟ್ರ ಮಂಡಳಿಯ ಭೌತಶಾಸ್ತ್ರ ಪುಸ್ತಕದ ಮೊದಲ ಅಧ್ಯಾಯದಲ್ಲೇ ವೃತ್ತೀಯ ಚಲನೆಯ ಲೆಕ್ಕಗಳು ಬರುತ್ತವೆ: ತಿರುವಿನಲ್ಲಿ ಓಡುವ ವಾಹನ, ಹೊರ ಅಂಚು ಎತ್ತರಿಸಿದ ರಸ್ತೆ, ಜಾತ್ರೆಯ ‘ಮೌತ್ ಕಾ ಕುವಾ’ದಲ್ಲಿ ಗೋಡೆಯ ಮೇಲೆ ಬೈಕು ಓಡಿಸುವವನು. ಅವಳು ನೋಟ್‌ಬುಕ್ಕಿನಲ್ಲಿ ಬಸ್ಸಿನ ಚಿತ್ರ ಬರೆದು, ಹೊರಮುಖವಾಗಿ ಒಂದು ದಪ್ಪ ಬಾಣ ಹಾಕಿದ್ದಳು. ‘ಮಾಮಾ, ಬಸ್ ತಿರುಗಿದ್ರ ನಾವು ಹೊರಗಡೆ ವಾಲ್ತೀವಿ. ಹಂಗಾದ್ರ ಬಲಾನೂ ಹೊರಗಡೆನೇ ಇರಬೇಕಲ್ಲ?’

ಇದು ದಡ್ಡ ಪ್ರಶ್ನೆಯಲ್ಲ. 1659ರಲ್ಲಿ ವೃತ್ತೀಯ ಚಲನೆಯ ಸೂತ್ರವನ್ನು ಮೊದಲು ಲೆಕ್ಕ ಹಾಕಿದ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಕೂಡ ಅದನ್ನು ಹೊರಕ್ಕೆ ತಳ್ಳುವ ಬಲವೆಂದೇ ಕಂಡಿದ್ದ. ಬಾಣವನ್ನು ಕೇಂದ್ರದ ಕಡೆಗೆ ತಿರುಗಿಸಿದ್ದು 1687ರಲ್ಲಿ ಪ್ರಕಟವಾದ ನ್ಯೂಟನ್ನನ ‘ಪ್ರಿನ್ಸಿಪಿಯಾ’. ಹಿಂದಿನ ವರ್ಷವಷ್ಟೇ ನಮ್ಮ ಬಿಜಾಪುರವನ್ನು ವಶಪಡಿಸಿಕೊಂಡಿದ್ದ ಔರಂಗಜೇಬ್ ಅದೇ ವರ್ಷ ಗೋಲ್ಕೊಂಡವನ್ನು ಗೆದ್ದ. ಈಗ ಅವನ ಸರಳ ಸಮಾಧಿ ಇದೇ ಖುಲ್ತಾಬಾದಿನಲ್ಲಿದೆ.

ರಸ್ತೆಯ ಬದಿಯಲ್ಲಿ ನಿಂತು ನೋಡಿ. ಯಾವ ಬಲವೂ ಇಲ್ಲದಿದ್ದರೆ ಬಸ್ಸು ಇದ್ದ ದಿಕ್ಕಿನಲ್ಲೇ ನೆಟ್ಟಗೆ ಹೋಗುತ್ತದೆ. ಅದು ತಿರುಗುತ್ತಿದೆ ಎಂದರೆ ಯಾವುದೋ ಒಂದು ಅದನ್ನು ಕ್ಷಣಕ್ಷಣವೂ ಒಳಕ್ಕೆ ಎಳೆಯುತ್ತಿರಲೇಬೇಕು. ಸ್ಪೀಡೋಮೀಟರಿನ ಮುಳ್ಳು ಅಲುಗಾಡದಿದ್ದರೂ ದಿಕ್ಕು ಬದಲಾಗುತ್ತಿದೆಯಲ್ಲ, ಅದೂ ವೇಗೋತ್ಕರ್ಷವೇ. ಒಳಗೆ ಕೂತ ನಾವೂ ನೆಟ್ಟಗೆ ಹೋಗಲು ನೋಡುತ್ತೇವೆ. ಬಸ್ಸಿನ ಪಕ್ಕದ ಗೋಡೆಯೇ ನಮ್ಮ ಕಡೆಗೆ ಬಂದು ಭುಜವನ್ನು ಒಳಕ್ಕೆ ಒತ್ತುತ್ತದೆ. ನಮಗೆ ಮಾತ್ರ ನಾವೇ ಹೊರಕ್ಕೆ ಬಿದ್ದಂತೆ ಅನಿಸುತ್ತದೆ. ಬಸ್ಸಿನೊಳಗೆ ಕೂತೇ ಲೆಕ್ಕ ಮಾಡುತ್ತೇನೆ ಎನ್ನುವವರು ಹೊರಮುಖ ಬಲವೊಂದನ್ನು ಸೇರಿಸಿಕೊಳ್ಳಬೇಕು, ಅದು ತಪ್ಪಲ್ಲ. ಆದರೆ ರಸ್ತೆಯ ಬದಿಯಲ್ಲಿ ನಿಂತವರ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಎರಡನ್ನೂ ಬೆರೆಸಿದರೆ ಬಲಗಳು ಒಂದಕ್ಕೊಂದು ವಜಾ ಆಗಿ, ಬಸ್ಸು ನೆಟ್ಟಗೆ ಕಣಿವೆಗೆ ಹೋಗುವ ಉತ್ತರ ಬರುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಸೂತ್ರ ಬರೆಯುವ ಮುಂಚೆ ‘ಒಳಕ್ಕೆ ಎಳೆಯುತ್ತಿರುವುದು ಯಾವುದು’ ಎಂದು ಕೇಳಿ, ಅದರ ಹೆಸರು ಬರೆಯದೆ ಮುಂದೆ ಹೋಗಬೇಡ ಎಂದು ಅವಳಿಗೆ ಹೇಳಿದೆ.

ನಮ್ಮ ಬಸ್ಸಿನಲ್ಲಿ ಅದರ ಹೆಸರು ಘರ್ಷಣೆ. ತಿರುವಿನ ತ್ರಿಜ್ಯ 30 ಮೀಟರ್, ಜವ ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ಎಂದು ಇಟ್ಟುಕೊಳ್ಳಿ. ಜವದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ವೇಗೋತ್ಕರ್ಷ 3.3, ಗುರುತ್ವದ ಮೂರನೇ ಒಂದು ಪಾಲು. ಜನ, ಸಾಮಾನು ಸೇರಿ ಬಸ್ಸು 12 ಟನ್ ಇದ್ದರೆ, 4 ಟನ್ ತೂಕದಷ್ಟು ಬಲ ಅದನ್ನು ಪಕ್ಕಕ್ಕೆ ಎಳೆಯಬೇಕು. ಅಷ್ಟನ್ನೂ ಆರು ಟೈರುಗಳು ನೆಲ ಮುಟ್ಟುವ ಜಾಗಗಳೇ ಒದಗಿಸುತ್ತವೆ. ಆ ಜಾಗ ಒಂದೊಂದೂ ನೋಟ್‌ಬುಕ್ಕಿನ ಹಾಳೆಗಿಂತ ದೊಡ್ಡದಲ್ಲ. ಜವ ಎರಡು ಪಟ್ಟಾದರೆ ಬೇಕಾದ ಬಲ ನಾಲ್ಕು ಪಟ್ಟು.

ಒಣ ರಸ್ತೆಯ ಘರ್ಷಣಾಂಕ 0.7 ಎಂದುಕೊಂಡರೆ ಈ ತಿರುವಿನಲ್ಲಿ ಬಸ್ಸು ಜಾರದೆ ಹೋಗಬಹುದಾದ ಮಿತಿ ಗಂಟೆಗೆ ಸುಮಾರು 52 ಕಿ.ಮೀ. ಮಳೆ ಬಿದ್ದು ಅದು 0.4ಕ್ಕೆ ಇಳಿದರೆ 39 ಕಿ.ಮೀ. ಲೆಕ್ಕದಲ್ಲಿ ದ್ರವ್ಯರಾಶಿ ಎರಡೂ ಕಡೆಯಿಂದ ಹೊಡೆದು ಹೋಗುತ್ತದೆ, ಆದ್ದರಿಂದ ಜಾರುವ ಮಿತಿ ಖಾಲಿ ಬಸ್ಸಿಗೂ ತುಂಬಿದ ಬಸ್ಸಿಗೂ ಒಂದೇ. ನನಗೆ ಈ ಅಧ್ಯಾಯದಲ್ಲಿ ಅತಿ ಚಂದವಾಗಿ ಕಾಣುವ ಸಂಗತಿ ಇದು. ರಸ್ತೆಯ ಹೊರ ಅಂಚನ್ನು ಎತ್ತರಿಸಿದರೆ ನೆಲ ಕೊಡುವ ಒತ್ತಡವೇ ಸ್ವಲ್ಪ ಒಳಕ್ಕೆ ವಾಲಿ ಘರ್ಷಣೆಗೆ ನೆರವಾಗುತ್ತದೆ. ಹಿಮ ಬೀಳದ ಗುಡ್ಡದ ರಸ್ತೆಗಳಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಪ್ಪುವ ಗರಿಷ್ಠ ಎತ್ತರ ಶೇಕಡಾ 10. ಅಂದರೆ 7 ಮೀಟರ್ ಅಗಲದ ರಸ್ತೆಯ ಹೊರ ಅಂಚು 70 ಸೆಂ.ಮೀ. ಮೇಲೆ. ಆ ಓರೆಯೊಂದನ್ನೇ ನಂಬಿ 30 ಮೀಟರಿನ ತಿರುವು ದಾಟಬಹುದಾದ ಜವ ಗಂಟೆಗೆ 20 ಕಿ.ಮೀ. ಮಾತ್ರ, ಉಳಿದದ್ದೆಲ್ಲ ಟೈರಿನ ಪಾಲು.

ವೇಗೋತ್ಕರ್ಷವನ್ನು ಕಣ್ಣಿಂದಲೇ ಅಳೆಯಬಹುದು. ಬಸ್ಸಿನ ಮೇಲಿನ ಸರಳಿಗೆ ತೂಗುಹಾಕಿದ ಚೀಲ ತಿರುವಿನಲ್ಲಿ ಹೊರಕ್ಕೆ ಓರೆಯಾಗಿ ನಿಲ್ಲುತ್ತದೆ. ಅದನ್ನು ಒಳಕ್ಕೆ ಎಳೆಯುತ್ತಿರುವುದು ಓರೆಯಾದ ಪಟ್ಟಿಯ ಬಿಗಿತ. ವೇಗೋತ್ಕರ್ಷ ಗುರುತ್ವದ ಮೂರನೇ ಒಂದು ಪಾಲಾದಾಗ, ರಸ್ತೆ ಸಮತಟ್ಟಾಗಿದ್ದರೆ, ಪಟ್ಟಿ ಕಂಬಕ್ಕೆ ಸುಮಾರು 18 ಡಿಗ್ರಿ ಓರೆಯಾಗಿರುತ್ತದೆ. ಕೋನಮಾಪಕ ಹಿಡಿದು ಕೂತ ಹುಡುಗಿ ಸ್ಪೀಡೋಮೀಟರ್ ನೋಡದೆಯೇ ವೇಗೋತ್ಕರ್ಷ ಹೇಳಬಲ್ಲಳು.

ಮೌತ್ ಕಾ ಕುವಾದಲ್ಲಿ ಪಾತ್ರಗಳು ಅದಲುಬದಲು. ಒಳಕ್ಕೆ ತಳ್ಳುವುದು ಗೋಡೆ, ಬೀಳದಂತೆ ಮೇಲೆ ಹಿಡಿಯುವುದು ಘರ್ಷಣೆ. ಹಾಗಾಗಿ ರಸ್ತೆಯ ತಿರುವಿನಲ್ಲಿ ಗರಿಷ್ಠ ಜವ ಕೊಡುವ ಘರ್ಷಣೆ ಇಲ್ಲಿ ಕನಿಷ್ಠ ಜವವನ್ನು ಕೊಡುತ್ತದೆ: ತ್ರಿಜ್ಯ 5 ಮೀಟರ್, ಘರ್ಷಣಾಂಕ 0.7 ಆದರೆ ಗಂಟೆಗೆ 30 ಕಿ.ಮೀ.

ಬಸ್ಸು ಮಗುಚುವ ಲೆಕ್ಕದಲ್ಲೂ ದ್ರವ್ಯರಾಶಿ ಹೊಡೆದು ಹೋಗುತ್ತದೆ. ಆದರೆ ಅಲ್ಲಿ ಭಾರ ಎಷ್ಟು ಎತ್ತರದಲ್ಲಿದೆ ಎಂಬುದೇ ಮುಖ್ಯ. ಎಡಬಲ ಗಾಲಿಗಳ ನಡುವೆ 2 ಮೀಟರ್ ಅಂತರ, ಗುರುತ್ವಕೇಂದ್ರ 1.3 ಮೀಟರ್ ಎತ್ತರದಲ್ಲಿ ಇದ್ದರೆ ನಮ್ಮ ತಿರುವಿನಲ್ಲಿ ಮಗುಚುವ ಜವ ಗಂಟೆಗೆ ಸುಮಾರು 54 ಕಿ.ಮೀ. ಅದಕ್ಕಿಂತ ಮುಂಚೆ, 52ರಲ್ಲೇ, ಬಸ್ಸು ಜಾರುತ್ತದೆ. ಸಾಮಾನನ್ನು ತಾರಸಿಯ ಮೇಲೆ ಪೇರಿಸಿ ಗುರುತ್ವಕೇಂದ್ರವನ್ನು 1.6 ಮೀಟರಿಗೆ ಏರಿಸಿದರೆ ಮಿತಿ 49ಕ್ಕೆ ಇಳಿಯುತ್ತದೆ. ಆಗ ಬಸ್ಸು ಜಾರುವ ಮೊದಲೇ ಒಳಗಾಲಿಗಳು ನೆಲ ಬಿಡುತ್ತವೆ.

ಕೊನೆಗೆ ಅವಳು ಕೇಳಿದ್ದು ಪುಸ್ತಕದಲ್ಲಿಲ್ಲದ ಪ್ರಶ್ನೆ: ‘ತಿರುವಿನೊಳಗs ಬ್ರೇಕ್ ಹೊಡದ್ರ?’ ಬ್ರೇಕಿಗೂ ತಿರುವಿಗೂ ಇರುವುದು ಅದೇ ಟೈರು, ಅದೇ ಘರ್ಷಣೆ. ಎರಡೂ ಬಲಗಳು ಲಂಬಕೋನದಲ್ಲಿರುವುದರಿಂದ ಪೈಥಾಗೊರಸ್ ಪ್ರಮೇಯದಂತೆ ಹಂಚಿಕೊಳ್ಳುತ್ತವೆ. ಒದ್ದೆ ರಸ್ತೆಯ 0.4ರಲ್ಲಿ ಬ್ರೇಕು 0.3 ತೆಗೆದುಕೊಂಡರೆ ತಿರುವಿಗೆ ಉಳಿಯುವುದು 0.26. ಜಾರುವ ಮಿತಿ 39ರಿಂದ 32 ಕಿ.ಮೀ.ಗೆ ಬರುತ್ತದೆ. ಒದ್ದೆ ತಿರುವಿನಲ್ಲಿ 36ರಲ್ಲಿ ಹೋಗುತ್ತಿದ್ದ ಬಸ್ಸು ಬ್ರೇಕ್ ಒತ್ತಿದ ಕೂಡಲೇ ಮಿತಿ ಮೀರಿದಂತಾಯಿತು. ಅದಕ್ಕೇ ಘಾಟಿಯ ಹಳೆಯ ಡ್ರೈವರುಗಳು ತಿರುವು ಬರುವ ಮೊದಲೇ, ನೇರ ರಸ್ತೆಯಲ್ಲಿರುವಾಗಲೇ, ಗೇರು ಇಳಿಸಿಕೊಳ್ಳುತ್ತಾರೆ.