ಎಲೆಯ ಕಷಾಯಕ್ಕೆ ಬ್ಲೀಚಿಂಗ್ ಪುಡಿ

ಜುಲೈ ತಿಂಗಳ ಬೆಳಗು, ಜಿಟಿಜಿಟಿ ಮಳೆ. ನಮ್ಮೂರ ನೀರುಗಂಟಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಟ್ಯಾಂಕಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ. ಮೂಗಿಗೆ ಟವೆಲ್ ಬಿಗಿದು ಬಕೆಟ್ಟಿನ ಬ್ಲೀಚಿಂಗ್ ಪುಡಿಯನ್ನು ಕೋಲಿನಿಂದ ಕದಡುತ್ತಾನೆ. ಸುಣ್ಣ ತಳ ಸೇರುವವರೆಗೆ ಒಂದು ಬೀಡಿ. ಆಮೇಲೆ ತಿಳಿಯನ್ನಷ್ಟೇ ಬಸಿದುಕೊಂಡು, ಏಣಿ ಹತ್ತಿ ಸುರಿದು ಬರುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ನಲ್ಲಿ ನೀರನ್ನು ಗಾಜಿನ ಕೊಳವೆಗೆ ಹಿಡಿದು ಔಷಧಿಯ ಹನಿ ಬಿಟ್ಟರೆ, ಹಳದಿ!

“ಬಣ್ಣ ಬಂತು ನೋಡಿ ಅಣ್ಣಾ. ಇನ್ನು ವಾಂತಿಭೇದಿ ಭಯ ಇಲ್ಲ.”

ಅವನ ಮಾತು ನಿಜವೇ. ಆದರೆ ನನ್ನ ಕಣ್ಣು ಟ್ಯಾಂಕಿಗೆ ನೀರು ಕೊಡುವ ಹಳ್ಳದ ಮೇಲೆ. ಕಾಡಿನ ದರಗೆಲ್ಲ ಕೊಳೆತು ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿದೆ. ಎಲೆಯ ಈ ಕಷಾಯಕ್ಕೆ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಬಿದ್ದರೆ ಹುಟ್ಟುವುದು ಕ್ಲೋರೋಫಾರ್ಮ್! ಹಿಂದೆ ಆಪರೇಷನ್‌ಗೆ ಮುಂಚೆ ಮೂಗಿಗೆ ಹಿಡಿಯುತ್ತಿದ್ದರಲ್ಲ, ಅದೇ. ನೀರಿನಲ್ಲಿ ಬ್ರೋಮೈಡ್ ಇದ್ದರೆ ಅದರ ದಾಯಾದಿಗಳೂ ಜೊತೆಗೆ. ಇಡೀ ಕುಟುಂಬಕ್ಕೆ ಟ್ರೈಹ್ಯಾಲೋಮೀಥೇನ್ ಎಂಬ ನಾಲಿಗೆ ತೊಡರುವ ಹೆಸರು.

ಇದನ್ನು 1974ರಲ್ಲಿ ಪ್ರಕಟಿಸಿದವರು ಹಾಲೆಂಡಿನ ರಾಟರ್‌ಡ್ಯಾಮ್ ನೀರು ಸರಬರಾಜಿನ ರಸಾಯನತಜ್ಞ ಯೋಹಾನೆಸ್ ರೂಕ್. ಮೊದಲು ಬಿಯರ್ ಉದ್ಯಮದಲ್ಲಿದ್ದ ಆಸಾಮಿ. ಮುಚ್ಚಿದ ಬಾಟಲಿಯಲ್ಲಿ ದ್ರವದ ಮೇಲೆ ನಿಂತ ಗಾಳಿಯನ್ನು ಹೀರಿ ಪರೀಕ್ಷಿಸುವ ವಿದ್ಯೆ ಅವರಿಗೆ ಕೈವಶವಾಗಿತ್ತು. ಅದನ್ನೇ ನೀರಿಗೂ ಹೂಡಿದಾಗ ಕ್ಲೋರೋಫಾರ್ಮ್ ಸಿಕ್ಕಿಬಿತ್ತು.

ದಶಕಗಟ್ಟಲೆ ಇಂಥ ನೀರು ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚು ಎನ್ನುತ್ತವೆ ಹಲವು ಅಧ್ಯಯನಗಳು. ಕಾರಣ ಇದೇ ಎಂದು ಕಡ್ಡಿ ಮುರಿದಂತೆ ಹೇಳುವುದಿಲ್ಲ. ನಮ್ಮ ದೇಶದ ಮಾನದಂಡ ಕ್ಲೋರೋಫಾರ್ಮಿಗೆ ಲೀಟರಿಗೆ 0.2 ಮಿಲಿಗ್ರಾಂ ಮಿತಿ ಹಾಕಿದೆ. ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುವ ವಸ್ತು. ಬಚ್ಚಲ ಬಾಗಿಲು ಮುಚ್ಚಿ ಬಿಸಿನೀರು ಹುಯ್ದುಕೊಂಡರೆ ಹಬೆಯೊಂದಿಗೆ ಎದೆಗೂ ಇಳಿಯುತ್ತದೆ. ಹಾಗೆಂದು ಬ್ಲೀಚಿಂಗ್ ಪುಡಿಯನ್ನೇ ಬಿಡುವುದೆಂದರೆ ನೆಗಡಿಗೆ ಮೂಗು ಕೊಯ್ದಂತೆ. ಕಾಲರಾ ದಶಕ ಕಾಯುವುದಿಲ್ಲ, ಒಂದೇ ದಿನದಲ್ಲಿ ಮುಗಿಸುತ್ತದೆ. ಮೊದಲು ಪಟಿಕ ಹಾಕಿ, ಮರಳಿನಲ್ಲಿ ಸೋಸಿ, ಎಲೆಯ ರಸ ಆದಷ್ಟು ಕಳೆದು ಆಮೇಲೆ ಕ್ಲೋರಿನ್ ಹಾಕಬೇಕು. ಸರದಿ ತಪ್ಪಿದ್ದೇ ಎಡವಟ್ಟು.

ಟ್ಯಾಂಕಿನ ಪಕ್ಕ ಮರಳಿನ ತೊಟ್ಟಿ ಇದೆ. ಅದರೊಳಗೆ ಕೆಸುವಿನ ಗಿಡ ಎದೆಯೆತ್ತರ ಬೆಳೆದಿದೆ.

“ಮರಳು ಬದಲಿಸಿ ಎಷ್ಟು ಕಾಲವಾಯ್ತೋ?”

“ನಾನು ಸೇರಿದ ಮೇಲಂತೂ ಇಲ್ಲ ಅಣ್ಣಾ” ಎನ್ನುತ್ತ ಅವನು ಕೊಳವೆಯ ಹಳದಿಯನ್ನು ಕೆಸುವಿನ ಬುಡಕ್ಕೆ ಚೆಲ್ಲಿ, ವಾಲ್ವ್ ತಿರುಗಿಸಿದ. ಕೆಳಗಿನ ಕೇರಿಯಿಂದ ಕೊಡಗಳ ಸದ್ದು ಕೇಳಿಸಿತು.